ಕಲಾವಿದರು ಸೋಷಿಯಲ್ ಮೀಡಿಯಾಗೆ ಬರಬೇಕಾ? ಸ್ಟಾರ್ ವಾರ್ಸ್ ಜಗಳದ ಕಥೆ

ನಮ್ಮ ಪಕ್ಕದ ಬೀದಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಅಜ್ಜಿಯಿಂದ ಕಲಿತ ಸೋಬಾನೆ ಪದ, ಬೀಸುವ ಪದ ಹಾಡುತ್ತಾಳೆ. ದನಿ ಚೆನ್ನಾಗಿದೆ. ಕಾಲೇಜಿನ ಗೆಳತಿಯರು ಒತ್ತಾಯ ಮಾಡಿ ಇನ್‌ಸ್ಟಾಗ್ರಾಂನಲ್ಲಿ ಹಾಕಿಸಿದರು. ಮೊದಲ ಮೂರು ವಿಡಿಯೊಗೆ ಒಳ್ಳೆಯ ಮಾತುಗಳೇ ಬಂದವು. ನಾಲ್ಕನೆಯದರಲ್ಲಿ ಅವಳು ಒಂದು ಸಿನಿಮಾ ಹಾಡಿನ ಹೆಸರು ಹೇಳಿ, "ಈ ಮಟ್ಟು ನಮ್ಮಜ್ಜಿ ಹೇಳ್ತಿದ್ದ ಪದದ್ದು" ಅಂದು ಹಳೆಯ ಪದ ಹಾಡಿದಳು. ಅಷ್ಟೇ. ಆ ಸಿನಿಮಾದ ನಾಯಕನ ಅಭಿಮಾನಿಗಳು ಅನ್ನಿಸಿಕೊಂಡವರಿಗೆ ಇದು ಹೇಗೋ ಅವಮಾನವಾಗಿ ಕಂಡಿತು. ಎರಡು ದಿನದಲ್ಲಿ ಆ ವಿಡಿಯೊ ಕೆಳಗೆ ಬಂದ ಮಾತುಗಳನ್ನು ನಾನು ಇಲ್ಲಿ ಬರೆಯಲಾರೆ.

ಅವಳು ಫೋನ್ ತಂದು ನನ್ನ ಕೈಗಿಟ್ಟು, "ಅಕ್ಕಾ, ಎಲ್ಲಾ ಅಳಿಸಿಬಿಡ್ಲಾ?" ಅಂದಳು. "ಅಳಿಸಿಬಿಡು, ನಿನಗ್ಯಾಕೆ ಈ ರಗಳೆ" ಅಂದೆ.

ರಾತ್ರಿ ಮಲಗಿದಾಗ ಆ ಉತ್ತರ ನನಗೇ ಸರಿ ಕಾಣಲಿಲ್ಲ. ಬೈದವರು ಆರಾಮಾಗಿ ಅಲ್ಲೇ ಇರ್ತಾರೆ, ಹಾಡಿದವಳು ಎದ್ದು ಹೋಗಬೇಕು. ಇದು ಯಾವ ನ್ಯಾಯ? ಹಾಗಂತ "ಇರು, ಹೆದರಬೇಡ" ಅನ್ನೋಕೂ ಬಾಯಿ ಬರಲಿಲ್ಲ, ರಾತ್ರಿ ಆ ಮಾತುಗಳನ್ನು ಓದಿಕೊಂಡು ಮಲಗುವವಳು ಅವಳು, ನಾನಲ್ಲ. ಈ ಪ್ರಶ್ನೆ ಬೇರೆ ಕಲಾವಿದರಿಗೆ ಬಂದಾಗ ಅವರು ಏನು ಮಾಡಿದರು ಅಂತ ಹುಡುಕಿ ಓದಿದೆ. ಓದಿದ್ದರಲ್ಲಿ ಹೆಚ್ಚಿನದು ಅಮೆರಿಕದ ಒಂದೇ ಸಿನಿಮಾ ಸರಣಿಯ ಸುತ್ತ ನಡೆದದ್ದು. ಅಲ್ಲಿಗೆ ಹೋಗುವ ಮೊದಲು ಒಂದು ಕ್ಷಣ ಇನ್ನೂ ಹಿಂದಕ್ಕೆ, ಅಂಚೆಯ ಕಾಲಕ್ಕೆ ಹೋಗಿ ಬರೋಣ.

ಬ್ರಿಟನ್ನಿನ ಆರ್ಥರ್ ಕಾನನ್ ಡಾಯ್ಲ್ ಓದಿದ್ದು ವೈದ್ಯಕೀಯ, ಹೆಸರು ಮಾಡಿದ್ದು ಕಥೆಯಲ್ಲಿ. ಷರ್ಲಾಕ್ ಹೋಮ್ಸ್ ಎಂಬ ಪತ್ತೇದಾರನನ್ನು ಹುಟ್ಟಿಸಿದವರು ಇವರೇ. 1891ರಿಂದ 'ದಿ ಸ್ಟ್ರಾಂಡ್' ಮಾಸಪತ್ರಿಕೆಯಲ್ಲಿ ಹೋಮ್ಸ್ ಕಥೆಗಳು ಬರತೊಡಗಿ ಜನ ಮುಗಿಬಿದ್ದು ಓದಿದರು. ಆದರೆ ಬರೆಯುವವರಿಗೇ ಬೇಸರ ಬಂತು. ಅವರಿಗೆ ಐತಿಹಾಸಿಕ ಕಾದಂಬರಿ ಬರೆಯುವ ಆಸೆ. 1893ರ ಡಿಸೆಂಬರ್ ಸಂಚಿಕೆಯಲ್ಲಿ ಹೋಮ್ಸ್‌ನನ್ನು ಸ್ವಿಟ್ಜರ್ಲೆಂಡಿನ ಒಂದು ಜಲಪಾತದಲ್ಲಿ ಬೀಳಿಸಿ ಕಥೆ ಮುಗಿಸಿಬಿಟ್ಟರು.

ಓದುಗರು ಕೆರಳಿದರು. 20 ಸಾವಿರಕ್ಕೂ ಹೆಚ್ಚು ಜನ ಪತ್ರಿಕೆಯ ಚಂದಾ ನಿಲ್ಲಿಸಿದರು ಎಂಬ ಮಾತಿದೆ. ಒಬ್ಬ ಹೆಂಗಸು ಬರೆದ ಪತ್ರ ಡಾಯ್ಲ್ ಅವರನ್ನು ಮೃಗ ಎಂದು ಕರೆಯುವುದರಿಂದಲೇ ಶುರುವಾಗಿತ್ತಂತೆ, ಅದನ್ನು ಅವರೇ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಪತ್ರ ಬರೆದವರಿಗೆ ಗೊತ್ತಿಲ್ಲದ ಒಂದು ವಿಷಯವಿತ್ತು. ಅದೇ ಅಕ್ಟೋಬರ್‌ನಲ್ಲಿ ಡಾಯ್ಲ್ ಅವರ ಅಪ್ಪ ತೀರಿಕೊಂಡಿದ್ದರು. ಹೆಂಡತಿಗೆ ಕ್ಷಯ ಎಂದು ತಿಳಿದದ್ದೂ ಅದೇ ವರ್ಷ. ಆಗ ಕ್ಷಯಕ್ಕೆ ಔಷಧವಿರಲಿಲ್ಲ.

ಕಥೆಯೊಳಗಿನ ಒಬ್ಬ ಸತ್ತ ಅಂತ, ನಿಜವಾದ ಸಾವಿನ ಮನೆಗೆ ಬೈಗುಳದ ಕಾಗದ. ಅಭಿಮಾನಕ್ಕೆ ಕಣ್ಣಿಲ್ಲ ಅನ್ನುವುದು ಇಂದು ನಿನ್ನೆಯದಲ್ಲ.

ಆದರೆ ಒಂದು ವ್ಯತ್ಯಾಸ ಗಮನಿಸಿ. ಆ ಕಾಲದಲ್ಲಿ ಸಿಟ್ಟು ಬಂದವನು ಕಾಗದ ಹುಡುಕಬೇಕು, ಶಾಯಿಯಲ್ಲಿ ಅದ್ದಿ ಬರೆಯಬೇಕು, ದುಡ್ಡು ಕೊಟ್ಟು ಅಂಚೆ ಚೀಟಿ ಅಂಟಿಸಬೇಕು, ಪೆಟ್ಟಿಗೆಗೆ ಹಾಕಲು ನಡೆದು ಹೋಗಬೇಕು. ಅಷ್ಟರಲ್ಲಿ ಅರ್ಧ ಜನರ ಸಿಟ್ಟು ಇಳಿದಿರುತ್ತದೆ. ಮನಸ್ಸಿಲ್ಲದಿದ್ದರೆ ಲಕೋಟೆ ಒಡೆಯದೆ ಮೂಲೆಗೆ ಎಸೆಯಬಹುದಿತ್ತು. ಡಾಯ್ಲ್ ಸುಮಾರು ಹತ್ತು ವರ್ಷ ತಡೆದುಕೊಂಡರು. ಹೋಮ್ಸ್ ಸತ್ತಿರಲಿಲ್ಲ ಅಂತ ಅವರು ಬರೆದದ್ದು 1903ರಲ್ಲಿ.

ಈಗ ಆ ಸಿನಿಮಾ ಸರಣಿಗೆ ಬರೋಣ.

'ಸ್ಟಾರ್ ವಾರ್ಸ್' ನೋಡದವರಿಗೆ ಎರಡು ಮಾತು. ಜಾರ್ಜ್ ಲೂಕಸ್ ಎಂಬ ನಿರ್ದೇಶಕರು 1977ರಲ್ಲಿ ಮಾಡಿದ ಸಿನಿಮಾ. ಬೇರೆ ಬೇರೆ ಗ್ರಹಗಳ ಜನ, ಒಂದು ದುಷ್ಟ ಸಾಮ್ರಾಜ್ಯ, ಬೆಳಕಿನ ಕತ್ತಿ ಹಿಡಿದ ಯೋಧರು. ನಮ್ಮ ಬಯಲಾಟ ನೋಡಿದವರಿಗೆ ಕಥೆ ಹೊಸದೇನೂ ಅನ್ನಿಸುವುದಿಲ್ಲ, ದೇವರು ರಾಕ್ಷಸರ ಜಾಗದಲ್ಲಿ ರಾಕೆಟ್ಟುಗಳಿವೆ ಅಷ್ಟೆ. 1983ರ ಹೊತ್ತಿಗೆ ಮೂರು ಭಾಗ ಬಂದವು. ಆಮೇಲೆ 16 ವರ್ಷ ಏನೂ ಇಲ್ಲ. ನೋಡಿದ ಮಕ್ಕಳು ದೊಡ್ಡವರಾದರು, ಅವರಿಗೆ ಮಕ್ಕಳಾದವು. 1998ರ ಕೊನೆಯಲ್ಲಿ ಹೊಸ ಭಾಗದ ಟ್ರೇಲರ್ ಬಂದಾಗ, ಅದನ್ನು ನೋಡಲೆಂದೇ ಬೇರೊಂದು ಸಿನಿಮಾಕ್ಕೆ ಟಿಕೆಟ್ ಕೊಂಡು, ಟ್ರೇಲರ್ ಮುಗಿದ ತಕ್ಷಣ ಎದ್ದು ಹೋದವರಿದ್ದರು. ಅಷ್ಟು ಹಸಿವು.

1999ರ ಮೇ 19ರಂದು 'ದಿ ಫ್ಯಾಂಟಮ್ ಮೆನೇಸ್' ಬಿಡುಗಡೆಯಾಯಿತು. ಅದರಲ್ಲಿ ಜಾರ್ ಜಾರ್ ಬಿಂಕ್ಸ್ ಎಂಬ ಉದ್ದ ಕಿವಿಯ, ಎಡವಿ ಬೀಳುತ್ತ ಮಕ್ಕಳನ್ನು ನಗಿಸುವ ಪಾತ್ರವಿತ್ತು. ನಮ್ಮ ಆಟಗಳ ಹಾಸ್ಯಗಾರನ ಹಾಗೆ. ಅದನ್ನು ಮಾಡಿದವರು ಅಹ್ಮದ್ ಬೆಸ್ಟ್, ಇಪ್ಪತ್ತೈದರ ಆಸುಪಾಸಿನ ಕಪ್ಪು ವರ್ಣೀಯ ಕಲಾವಿದ. ಅವರು ವಿಶೇಷ ಉಡುಪು ತೊಟ್ಟು ನಡೆದು, ಕುಣಿದು, ಮಾತಾಡಿ ತೋರಿಸಿದ್ದನ್ನು ಆಧಾರವಾಗಿಟ್ಟುಕೊಂಡು ಕಂಪ್ಯೂಟರ್‌ನಲ್ಲಿ ಆ ಪ್ರಾಣಿಯನ್ನು ಮೂಡಿಸಿದರು. ಒಂದು ಮುಖ್ಯ ಪಾತ್ರವನ್ನು ಪೂರ್ತಿ ಹೀಗೆ ಮಾಡಿದ್ದು ಅಲ್ಲಿಯವರೆಗೆ ಬಲು ಅಪರೂಪ. ಮೂರು ವರ್ಷದ ನಂತರ 'ಲಾರ್ಡ್ ಆಫ್ ದಿ ರಿಂಗ್ಸ್' ಸರಣಿಯ ಗೋಲಮ್ ಪಾತ್ರ ಇದೇ ದಾರಿಯಲ್ಲಿ ಬಂದು ಜಗತ್ತಿನ ಚಪ್ಪಾಳೆ ಗಿಟ್ಟಿಸಿತು. ದಾರಿ ಕಡಿದವರಿಗೆ ಸಿಕ್ಕಿದ್ದು ಮಾತ್ರ ಬೇರೆ.

ಹದಿನಾರು ವರ್ಷ ಕಾದವರಿಗೆ ಸಿನಿಮಾ ಹಿಡಿಸಲಿಲ್ಲ. ಸಿಟ್ಟೆಲ್ಲ ಜಾರ್ ಜಾರ್ ಮೇಲೆ ತಿರುಗಿತು. ಆ ಪಾತ್ರದ ಸಾವು ಬಯಸುವ ವೆಬ್‌ಸೈಟುಗಳೇ ಹುಟ್ಟಿಕೊಂಡವು. ಪತ್ರಿಕೆಗಳೂ ಸೇರಿಕೊಂಡವು. ಪಾತ್ರದ ಮಾತಿನ ಧಾಟಿ ಕಪ್ಪು ಜನರನ್ನು ಅಣಕಿಸುವ ಹಾಗಿದೆ ಎಂಬ ವಿಮರ್ಶೆಯೂ ಬಂತು. ಆ ಪ್ರಶ್ನೆ ಎತ್ತುವುದರಲ್ಲಿ ತಪ್ಪಿರಲಿಲ್ಲ ಅಂತಲೇ ನಾನು ಅಂದುಕೊಂಡಿದ್ದೇನೆ. ಆದರೆ ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಕಥೆ ಬರೆದವರು, ದುಡ್ಡು ಹಾಕಿದವರು. ಹೊಡೆತ ತಿಂದದ್ದು ವೇಷ ಹಾಕಿದವನು.

ನಮ್ಮ ಕಡೆ ರಾತ್ರಿ ದುಶ್ಶಾಸನನ ವೇಷ ಹಾಕಿ ಸೀರೆ ಎಳೆದವನನ್ನು ಬೆಳಗ್ಗೆ ಚಹಾದಂಗಡಿಯಲ್ಲಿ ಕೂರಿಸಿಕೊಂಡು, "ಭಾಳ ಚಲೋ ಮಾಡ್ದಿ ಮಾರಾಯ" ಅಂತೀವಿ. ಮುಖದ ಬಣ್ಣ ಒರೆಸಿದ ಮೇಲೆ ಅವನು ಮತ್ತೆ ನಮ್ಮೂರಿನವನೇ. ಅಹ್ಮದ್ ಬೆಸ್ಟ್ ಅವರಿಗೆ ಆ ಚಹಾದಂಗಡಿ ಸಿಗಲಿಲ್ಲ.

ಆಗ ಫೇಸ್‌ಬುಕ್ ಇರಲಿಲ್ಲ, ಅದು ಬಂದದ್ದು 2004ರಲ್ಲಿ. ಟ್ವಿಟರ್ 2006, ಇನ್‌ಸ್ಟಾಗ್ರಾಂ 2010. ಅಂದರೆ ಬೆಸ್ಟ್ ಅವರಿಗೆ ಖಾತೆ ತೆರೆಯುವ, ಮುಚ್ಚುವ ಪ್ರಶ್ನೆಯೇ ಇರಲಿಲ್ಲ. ಇವತ್ತು ನಾವು ಮಕ್ಕಳಿಗೆ ಹೇಳುವ "ದೂರ ಇರು" ಅನ್ನುವ ಬುದ್ಧಿಮಾತನ್ನು ಅವರು ತಾವಾಗಿಯೇ ಪಾಲಿಸಿದಂತಾಗಿತ್ತು. ಆದರೂ ಅವರು ಉಳಿದದ್ದೇ ಹೆಚ್ಚು. ಅದು ಹೊರಗೆ ಗೊತ್ತಾಗಿದ್ದು 19 ವರ್ಷದ ನಂತರ. ಅಲ್ಲಿಗೆ ಆಮೇಲೆ ಬರ್ತೀನಿ.

2012ರಲ್ಲಿ ಲೂಕಸ್ ತಮ್ಮ ಕಂಪನಿಯನ್ನು ಡಿಸ್ನಿಗೆ ಸುಮಾರು 400 ಕೋಟಿ ಡಾಲರಿಗೆ ಮಾರಿದರು. ಹೊಸ ಸಿನಿಮಾಗಳು ಶುರುವಾದವು. ಈ ಸಲ ಹೆಂಗಸರು, ಬೇರೆ ಬಣ್ಣದವರು ಮುಖ್ಯ ಪಾತ್ರಗಳಿಗೆ ಬಂದರು. ಈ ಸಲ ಎಲ್ಲರ ಕೈಯಲ್ಲೂ ಫೋನಿತ್ತು.

2014ರ ನವೆಂಬರ್‌ನಲ್ಲಿ ಮೊದಲ ಟೀಸರ್ ಬಂತು. ಅದರಲ್ಲಿ ಮೊದಲು ಕಾಣುವ ಮುಖ ಜಾನ್ ಬೊಯೆಗಾ, ಲಂಡನ್ನಿನ ಹುಡುಗ, ಅಪ್ಪ ಅಮ್ಮ ನೈಜೀರಿಯಾದವರು. ಬಿಳಿ ಕವಚದ ಸೈನಿಕನೊಳಗೆ ಕಪ್ಪು ಮುಖವೇ ಎಂದು ಕೆಲವರು ಕೂಗಾಡಿದರು. ಬೊಯೆಗಾ ಇನ್‌ಸ್ಟಾಗ್ರಾಂನಲ್ಲಿ ಅಭಿಮಾನಿಗಳಿಗೆ ಧನ್ಯವಾದ ಹೇಳಿ, ಉಳಿದವರಿಗೆ ಇದನ್ನು ಅಭ್ಯಾಸ ಮಾಡಿಕೊಳ್ಳಿ ಅನ್ನುವ ಅರ್ಥದ ಒಂದು ಚಿಕ್ಕ ಮಾತು ಬರೆದು ಮುಗಿಸಿದರು. ಇದು ಒಂದು ಬಗೆ.

ಅದೇ ಸಿನಿಮಾದ ನಾಯಕಿ ಡೈಸಿ ರಿಡ್ಲಿ. 2016ರಲ್ಲಿ ಬಂದೂಕಿನ ಹಿಂಸೆಗೆ ಬಲಿಯಾದವರ ನೆನಪಿನಲ್ಲಿ ಇನ್‌ಸ್ಟಾಗ್ರಾಂನಲ್ಲಿ ನಾಲ್ಕು ಮಾತು ಬರೆದರು. ಮೈಮೇಲೆ ಬಿದ್ದರು ಜನ. ಅವರು ಖಾತೆಯನ್ನೇ ತೆಗೆದುಬಿಟ್ಟರು. ಇದು ಇನ್ನೊಂದು ಬಗೆ.

ಅದೇ ವರ್ಷ ಜುಲೈನಲ್ಲಿ ಬೇರೆ ಸಿನಿಮಾದಲ್ಲಿ ಮೂರನೆಯ ಬಗೆಯೂ ಕಂಡಿತು. 1984ರ 'ಘೋಸ್ಟ್‌ಬಸ್ಟರ್ಸ್' ಎಂಬ ಜನಪ್ರಿಯ ಹಾಸ್ಯ ಚಿತ್ರವನ್ನು ಗಂಡಸರ ಜಾಗದಲ್ಲಿ ನಾಲ್ವರು ಹೆಂಗಸರನ್ನು ಹಾಕಿ ಮತ್ತೆ ತೆಗೆದಿದ್ದರು. ನಾಲ್ವರಲ್ಲಿ ಒಬ್ಬರಾದ ಲೆಸ್ಲಿ ಜೋನ್ಸ್ ಕಪ್ಪು ವರ್ಣೀಯರು, ಅವರ ಮೇಲೆ ಟ್ವಿಟರ್‌ನಲ್ಲಿ ಬಂದ ಹೊಲಸು ಹೇಳತೀರದು. ಅವರು ಅದನ್ನು ಮುಚ್ಚಿಡಲಿಲ್ಲ. ನನಗೆ ಏನು ಬರುತ್ತಿದೆ ನೀವೇ ನೋಡಿ ಅಂತ ಆ ಮಾತುಗಳನ್ನೇ ಎಲ್ಲರ ಮುಂದೆ ಎತ್ತಿ ಹಿಡಿದರು. ದೊಡ್ಡ ಸುದ್ದಿಯಾಯಿತು. ಗುಂಪನ್ನು ಎತ್ತಿಕಟ್ಟಿದ ಒಬ್ಬ ಹೆಸರುವಾಸಿ ಬರಹಗಾರನನ್ನು ಟ್ವಿಟರ್ ಕಾಯಂ ಹೊರಗೆ ಹಾಕಿತು. ಜೋನ್ಸ್ ಒಂದಷ್ಟು ದಿನ ಬಿಟ್ಟುಹೋಗಿ ಮತ್ತೆ ಬಂದರು. ಆದರೆ ಬಂದವರು ಬೆಲೆ ತೆರಲಿಲ್ಲ ಅಂತಲ್ಲ. ಮರು ತಿಂಗಳೇ ಅವರ ವೆಬ್‌ಸೈಟಿಗೆ ಕನ್ನ ಹಾಕಿ ಖಾಸಗಿ ಫೋಟೊಗಳನ್ನು ಬಯಲಿಗಿಟ್ಟರು.

ಈಗ ನಾನು ಹೇಳಲು ಹೊರಟ ಮುಖ್ಯ ಕಥೆ, ಕೆಲ್ಲಿ ಮೇರಿ ಟ್ರಾನ್ ಅವರದು.

ಇವರು ಹುಟ್ಟಿದ್ದು 1989ರಲ್ಲಿ, ಅಮೆರಿಕದ ಸ್ಯಾನ್ ಡಿಯಾಗೊ ಊರಿನಲ್ಲಿ. ಅಪ್ಪ ಅಮ್ಮ ವಿಯೆಟ್ನಾಂ ಯುದ್ಧದ ನಂತರ ಓಡಿಬಂದ ನಿರಾಶ್ರಿತರು. ಅಪ್ಪ ಬರ್ಗರ್ ಅಂಗಡಿಯಲ್ಲಿ ದುಡಿದು ಸಂಸಾರ ಸಾಗಿಸಿದವರು. ಮಗಳು ವರ್ಷಗಟ್ಟಲೆ ಸಣ್ಣಪುಟ್ಟ ಪಾತ್ರ ಮಾಡಿಕೊಂಡು, ಹೊಟ್ಟೆಪಾಡಿಗೆ ಆಫೀಸು ಕೆಲಸ ಮಾಡಿಕೊಂಡು ಇದ್ದಳು. ಒಂದು ದಿನ ಸ್ಟಾರ್ ವಾರ್ಸ್‌ಗೆ ಆಯ್ಕೆಯಾದಳು. 2017ರ ಡಿಸೆಂಬರ್‌ನಲ್ಲಿ ಬಂದ 'ದಿ ಲಾಸ್ಟ್ ಜೇಡೈ' ಚಿತ್ರದಲ್ಲಿ ರೋಸ್ ಟಿಕೋ ಎಂಬ ಮೆಕ್ಯಾನಿಕ್ ಹುಡುಗಿಯ ಪಾತ್ರ. ಆ ಸರಣಿಯಲ್ಲಿ ಅಷ್ಟು ದೊಡ್ಡ ಪಾತ್ರ ಮಾಡಿದ ಮೊದಲ ಏಷ್ಯನ್ ಮೂಲದ ಹೆಣ್ಣು.

ಪೋಸ್ಟರ್ ನೋಡಿ ಅಥವಾ ಬಿಡುಗಡೆಯ ಸಮಾರಂಭಕ್ಕೆ ಬಂದು ಅವರು ಅಳುವ, ನಗುವ ವಿಡಿಯೊಗಳು ಇನ್ನೂ ಸಿಗುತ್ತವೆ. ಲಾಟರಿ ಹೊಡೆದ ಮನೆಯ ಹುಡುಗಿಯ ಮುಖ. ಇನ್‌ಸ್ಟಾಗ್ರಾಂನಲ್ಲೂ ಹಾಗೇ ಬರೆಯುತ್ತಿದ್ದರು, ಮುಚ್ಚುಮರೆಯಿಲ್ಲದೆ.

ಸಿನಿಮಾ ಎಲ್ಲರಿಗೂ ಹಿಡಿಸಲಿಲ್ಲ. ಹಳೆಯ ನಾಯಕನನ್ನು ನಿರ್ದೇಶಕ ರಿಯಾನ್ ಜಾನ್ಸನ್ ಬೇರೆ ಥರ ತೋರಿಸಿದ್ದರು. ರೋಸ್ ಪಾತ್ರದ ಭಾಗ ಎಳೆದ ಹಾಗಿದೆ ಎಂದು ಸಭ್ಯವಾಗಿ ಹೇಳಿದವರೂ ಇದ್ದರು, ಹೇಳಲಿ, ದುಡ್ಡು ಕೊಟ್ಟು ನೋಡಿದವರ ಹಕ್ಕು ಅದು. ಆದರೆ ಟ್ರಾನ್ ಅವರ ಖಾತೆಗೆ ಬಂದದ್ದು ಅದಲ್ಲ. ಅವರ ಕಣ್ಣಿನ ಆಕಾರ, ಮೈಕಟ್ಟು, ಜನಾಂಗ. ಅಭಿಮಾನಿಗಳೇ ಸೇರಿ ಬರೆಯುವ ಸ್ಟಾರ್ ವಾರ್ಸ್ ವಿಶ್ವಕೋಶದಲ್ಲಿ ರೋಸ್ ಪಾತ್ರದ ಪುಟವನ್ನು ಯಾರೋ ತಿದ್ದಿ ಜನಾಂಗೀಯ ಬೈಗುಳ ತುಂಬಿದ್ದರು. ತಿಂಗಳುಗಟ್ಟಲೆ ಇದು ನಡೆಯಿತು. 2018ರ ಜೂನ್‌ನಲ್ಲಿ ಒಂದು ದಿನ ಅವರ ಇನ್‌ಸ್ಟಾಗ್ರಾಂ ಖಾತೆ ಖಾಲಿಯಾಗಿತ್ತು. ಒಂದು ಫೋಟೊ ಇಲ್ಲ.

ಆಗಸ್ಟ್ 21ರಂದು ಅವರು 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಗೆ ಒಂದು ಲೇಖನ ಬರೆದರು. ನನಗೆ ಅದರಲ್ಲಿ ಅತಿ ಹೆಚ್ಚು ಚುಚ್ಚಿದ್ದು ಒಂದು ವಿಷಯ. ಬೈದದ್ದಕ್ಕಿಂತ ಹೆಚ್ಚಾಗಿ, ಬೈದದ್ದನ್ನು ತಾನೂ ನಂಬತೊಡಗಿದ್ದು ತನ್ನನ್ನು ಕೊಂದಿತು ಅನ್ನುವ ಅರ್ಥದ ಮಾತು ಅಲ್ಲಿದೆ. ಚಿಕ್ಕಂದಿನಿಂದ "ನೀನು ಇಲ್ಲಿಯವಳಲ್ಲ" ಎಂದು ಕೇಳುತ್ತ ಬಂದ ಮನಸ್ಸು ಅದು, ಹೊಸ ಬೈಗುಳ ಹಳೆಯ ಗಾಯದ ಮೇಲೆಯೇ ಬಿತ್ತು. ಬೇರೆಯವರ ನಾಲಿಗೆಗೆ ಸುಲಭವಾಗಲೆಂದು ಅಪ್ಪ ಅಮ್ಮ ತಮ್ಮ ಹೆಸರುಗಳನ್ನೇ ಬದಲಿಸಿಕೊಂಡಿದ್ದನ್ನು ಅವರು ನೆನೆಯುತ್ತಾರೆ. ಕೊನೆಯಲ್ಲಿ ತನ್ನ ಹುಟ್ಟಿನ ಹೆಸರು ಲೋನ್ ಎಂದು ಹೇಳಿಕೊಳ್ಳುತ್ತಾರೆ. ಕೆಲ್ಲಿ ಅನ್ನುವುದು ಹೊರಗಿನವರಿಗಾಗಿ ಇಟ್ಟುಕೊಂಡದ್ದು.

ಇಲ್ಲಿ ಒಂದು ಮಾತು. "ಕಲಾವಿದರು ಅಂದಮೇಲೆ ಚರ್ಮ ದಪ್ಪ ಇರಬೇಕು" ಅನ್ನುವವರು ನಮ್ಮಲ್ಲೂ ಬಹಳ. ನನಗೆ ಇದು ಅರ್ಥವಾಗುವುದಿಲ್ಲ. ಪರದೆ ಮೇಲೆ ಅತ್ತರೆ ನಮ್ಮನ್ನೂ ಅಳಿಸಬೇಕು, ಅದಕ್ಕೆ ಚರ್ಮ ತೆಳ್ಳಗಿರಬೇಕು. ಮನೆಗೆ ಹೋದಮೇಲೆ ಎಮ್ಮೆ ಚರ್ಮ ಹೊದ್ದುಕೊಳ್ಳಬೇಕು. ಎರಡೂ ಒಂದೇ ಮೈಗೆ ಹೇಗೆ ಹೊಂದುತ್ತೆ?

ಹಾಗಾದರೆ ಇಷ್ಟೆಲ್ಲ ಬೈದವರು ಎಷ್ಟು ಜನ? ಮಾರ್ಟೆನ್ ಬೇ ಎಂಬ ಸಂಶೋಧಕರು ನಿರ್ದೇಶಕ ಜಾನ್ಸನ್ ಅವರಿಗೆ ಬಂದ 967 ಟ್ವೀಟುಗಳನ್ನು ಹಿಡಿದು ಲೆಕ್ಕ ಹಾಕಿದರು, 2018ರಲ್ಲಿ ಪ್ರಕಟಿಸಿದರು. ಸಿನಿಮಾವನ್ನು ತೆಗಳಿದವು ಸುಮಾರು ಐದರಲ್ಲಿ ಒಂದು ಪಾಲು ಮಾತ್ರ. ಆ ಒಂದು ಪಾಲಿನಲ್ಲೂ ಅರ್ಧಕ್ಕರ್ಧ ರಾಜಕೀಯ ಉದ್ದೇಶದ ಖಾತೆಗಳು, ಕೆಣಕಲೆಂದೇ ಇರುವ ನಕಲಿ ಹೆಸರುಗಳು, ಕೆಲವು ಮನುಷ್ಯರೇ ಅಲ್ಲದ ಯಂತ್ರದ ಖಾತೆಗಳು. ಉಳಿದ ಅರ್ಧದಲ್ಲಿ ನಿಜವಾಗಿ ಬೇಸರಗೊಂಡ ಅಭಿಮಾನಿಗಳೂ ಇದ್ದರು. ಇದು ಟ್ರಾನ್ ಅವರ ಇನ್‌ಸ್ಟಾಗ್ರಾಂ ಲೆಕ್ಕವಲ್ಲ, ಆದರೂ ಜಗಳದ ಒಳಗನ್ನು ತೋರಿಸುತ್ತೆ. ನಾಲ್ಕು ನಾಯಿ ಬೊಗಳಿದರೆ ಊರೆಲ್ಲ ಎದ್ದಿದೆ ಅನ್ನಿಸುತ್ತದಲ್ಲ, ಹಾಗೆ.

ಆದರೆ ಈ ಲೆಕ್ಕ ಗೊತ್ತಾದರೆ ನೋವು ಕಡಿಮೆಯಾಗುತ್ತದೆಯೇ? ಬೈಗುಳ ಫೋನಿನಲ್ಲಿ ಬಂದಾಗ ಅದರ ಮೇಲೆ 'ಇದು ನಕಲಿ' ಎಂದು ಬರೆದಿರುವುದಿಲ್ಲ.

ಟ್ರಾನ್ ಹೋದ ಮೇಲೆ ಒಳ್ಳೆಯ ಅಭಿಮಾನಿಗಳು ಎದ್ದರು. ರೋಸ್ ಪಾತ್ರದ ಚಿತ್ರ ಬರೆದು ಹಾಕಿದರು. ಆ ಜುಲೈನಲ್ಲಿ ಸ್ಯಾನ್ ಡಿಯಾಗೊದ ದೊಡ್ಡ ಅಭಿಮಾನಿ ಜಾತ್ರೆಯಲ್ಲಿ ರೋಸ್ ವೇಷ ಹಾಕಿಕೊಂಡು ಗುಂಪಾಗಿ ಸೇರಿದರು. ಅದು ಅವರ ಹುಟ್ಟೂರು ಬೇರೆ. ಒಳ್ಳೆಯ ಜನ ತಡವಾಗಿ ಬರುತ್ತಾರೆ, ಇದು ಎಲ್ಲ ಊರಿನ ಕಥೆ.

ಅದೇ ಜುಲೈ 2018ರಲ್ಲಿ ಇನ್ನೊಂದು ನಡೆಯಿತು. ಜಾರ್ ಜಾರ್ ಪಾತ್ರ ಮಾಡಿದ್ದ ಅಹ್ಮದ್ ಬೆಸ್ಟ್ ಟ್ವಿಟರ್‌ನಲ್ಲಿ ಒಂದು ಫೋಟೊ ಹಾಕಿದರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆ, ಅವರು, ಪಕ್ಕದಲ್ಲಿ ಪುಟ್ಟ ಮಗ. ಸುಮಾರು ಇಪ್ಪತ್ತು ವರ್ಷದ ಹಿಂದೆ ಆ ಬೈಗುಳದ ದಿನಗಳಲ್ಲಿ ತಾನು ಬದುಕು ಮುಗಿಸಿಕೊಳ್ಳಲು ಹತ್ತಿರವಾಗಿದ್ದು ಇಲ್ಲೇ, ಈಗ ಉಳಿದದ್ದಕ್ಕೆ ಈ ಮಗು ಉಡುಗೊರೆ ಎಂಬ ಅರ್ಥದ ಮಾತು ಬರೆದಿದ್ದರು. (ಓದುವವರಲ್ಲಿ ಯಾರಿಗಾದರೂ ಅಂಥ ಯೋಚನೆ ಬರುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.)

ಆ ಒಂದು ಫೋಟೊ ನನ್ನ ತಲೆಯಲ್ಲಿದ್ದ ಲೆಕ್ಕವನ್ನೆಲ್ಲ ಕೆಡಿಸಿತು. ಖಾತೆ ಇಲ್ಲದಿದ್ದರೆ ಬೈಗುಳ ತಾಗುವುದಿಲ್ಲ ಅಂದುಕೊಂಡಿದ್ದೆ. 1999ರಲ್ಲಿ ಇವರಿಗೆ ಖಾತೆಯೇ ಇರಲಿಲ್ಲ, ತಾಗಿತು. ಸೋಷಿಯಲ್ ಮೀಡಿಯಾ ಬರೀ ವಿಷ ಅಂದುಕೊಂಡಿದ್ದೆ. ಇಪ್ಪತ್ತು ವರ್ಷ ಒಳಗೇ ಇಟ್ಟುಕೊಂಡಿದ್ದನ್ನು ಅವರು ಹೊರಗೆ ಹಾಕಿದ್ದು ಅದೇ ಟ್ವಿಟರ್‌ನಲ್ಲಿ, ಮತ್ತು ಈ ಸಲ ಸಾವಿರಾರು ಜನ ಬಂದು ಪ್ರೀತಿಯ ಮಾತಾಡಿದರು. ಚಿಕ್ಕಂದಿನಲ್ಲಿ ಜಾರ್ ಜಾರ್ ನೋಡಿ ನಕ್ಕ ಮಕ್ಕಳು ಈಗ ದೊಡ್ಡವರಾಗಿದ್ದರು. 1999ರಲ್ಲಿ ಅವರಿಗೆ ದನಿಯಿರಲಿಲ್ಲ. ಪತ್ರಿಕೆಗೆ ಬರೆಯುವ ವಯಸ್ಸೂ ಅಲ್ಲ, ವೆಬ್‌ಸೈಟ್ ಕಟ್ಟುವ ವಯಸ್ಸೂ ಅಲ್ಲ.

1999ರ ಬೆಸ್ಟ್ ಅವರಿಗೂ 2018ರ ಟ್ರಾನ್ ಅವರಿಗೂ ಸಮನಾಗಿದ್ದದ್ದು ಏನು ಅಂತ ಯೋಚಿಸಿದರೆ ಖಾತೆಯಲ್ಲ. ಇಬ್ಬರೂ ಒಂಟಿಯಾಗಿ ತಿಂದರು. ಅವರಿಂದ ಕೋಟಿಗಟ್ಟಲೆ ಗಳಿಸಿದ ಕಂಪನಿ ಆ ಹೊತ್ತಿಗೆ ಬಾಗಿಲಲ್ಲಿ ನಿಂತು "ಇವಳು ನಮ್ಮವಳು" ಅಂದ ದನಿ ಕೇಳಿಸಲಿಲ್ಲ. 2019ರ ಡಿಸೆಂಬರ್‌ನಲ್ಲಿ ಬಂದ ಮುಂದಿನ ಸಿನಿಮಾದಲ್ಲಿ ಆದದ್ದು ಇನ್ನೂ ಕಹಿ. ಹಿಂದಿನ ಚಿತ್ರದಲ್ಲಿ ಹತ್ತು ನಿಮಿಷಕ್ಕೂ ಹೆಚ್ಚು ಕಾಣಿಸಿಕೊಂಡಿದ್ದ ರೋಸ್, 142 ನಿಮಿಷದ ಆ ಚಿತ್ರದಲ್ಲಿ ಒಂದೂಕಾಲು ನಿಮಿಷದಷ್ಟು ಮಾತ್ರ ಇದ್ದಳು. ತೀರಿಕೊಂಡಿದ್ದ ನಟಿ ಕ್ಯಾರಿ ಫಿಶರ್ ಅವರ ಹಳೆಯ ತುಣುಕುಗಳ ಜೊತೆ ಇವಳ ದೃಶ್ಯಗಳು ಹೊಂದಲಿಲ್ಲ ಎಂದು ಚಿತ್ರಕಥೆಗಾರರಲ್ಲೊಬ್ಬರು ಕಾರಣ ಕೊಟ್ಟರು. ಇರಬಹುದು. ಆದರೆ ಬೈದವರು ಅದನ್ನು ತಮ್ಮ ಗೆಲುವು ಅಂತಲೇ ಎಣಿಸಿಕೊಂಡರು. ಮರುವರ್ಷ ಬೊಯೆಗಾ ಒಂದು ಸಂದರ್ಶನದಲ್ಲಿ, ಬಣ್ಣ ಬೇರೆಯಿದ್ದ ನಮ್ಮನ್ನೆಲ್ಲ ಬದಿಗೆ ಸರಿಸಿದರು ಎಂದು ಟ್ರಾನ್ ಹೆಸರನ್ನೂ ಹಿಡಿದು ನೇರವಾಗಿ ಹೇಳಿದರು.

ಬದಲಾವಣೆ ಕಂಡಿದ್ದು 2022ರ ಮೇ ಕೊನೆಯಲ್ಲಿ. 'ಓಬಿ-ವಾನ್ ಕೆನೋಬಿ' ಎಂಬ ಧಾರಾವಾಹಿಯಲ್ಲಿ ಮೋಸಸ್ ಇಂಗ್ರಮ್ ಎಂಬ ಕಪ್ಪು ವರ್ಣೀಯ ನಟಿ ಇದ್ದರು. ಇಂಥದ್ದು ಬರಬಹುದು, ಬಂದರೆ ನಾವಿದ್ದೇವೆ ಎಂದು ಕಂಪನಿಯವರು ಮೊದಲೇ ಹೇಳಿದ್ದರು ಅಂತ ಅವರೇ ಸಂದರ್ಶನದಲ್ಲಿ ತಿಳಿಸಿದ್ದಾರೆ. ಬಂದೇ ಬಂತು. ಅವರು ತಮಗೆ ಬಂದ ಬೈಗುಳಗಳನ್ನು ಇನ್‌ಸ್ಟಾಗ್ರಾಂನಲ್ಲಿ ತೆರೆದಿಟ್ಟರು. ಆಮೇಲೆ ಸ್ಟಾರ್ ವಾರ್ಸ್‌ನ ಅಧಿಕೃತ ಖಾತೆಯೇ ಇಂಗ್ರಮ್ ಅವರನ್ನು ಹೆಮ್ಮೆಯಿಂದ ನಮ್ಮವರು ಎಂದು ಬರೆಯಿತು. ಈ ಕಥೆಯ ಲೋಕದಲ್ಲಿ 2 ಕೋಟಿಗೂ ಹೆಚ್ಚು ಜಾತಿಯ ಜೀವಿಗಳಿವೆ, ಅದನ್ನೆಲ್ಲ ಒಪ್ಪುವವರಿಗೆ ಒಬ್ಬ ಮನುಷ್ಯಳ ಬಣ್ಣ ಯಾಕೆ ಒಪ್ಪುವುದಿಲ್ಲ ಎಂಬ ಧಾಟಿಯ ಚುಚ್ಚುಮಾತನ್ನೂ ಸೇರಿಸಿತು. ನಾಯಕ ನಟ ಯೂವನ್ ಮೆಕ್‌ಗ್ರೆಗರ್ ವಿಡಿಯೊ ಮಾಡಿ, ಅವಳಿಗೆ ಹೀಗೆ ಬರೆಯುವವರು ನನ್ನ ಮನಸ್ಸಿಗೆ ಸ್ಟಾರ್ ವಾರ್ಸ್ ಅಭಿಮಾನಿಗಳೇ ಅಲ್ಲ ಅಂದುಬಿಟ್ಟರು. ಬೈಗುಳ ನಿಲ್ಲಲಿಲ್ಲ. ಆದರೆ ಅವರು ಒಂಟಿಯಾಗಿರಲಿಲ್ಲ.

ಕೆಲ್ಲಿ ಮೇರಿ ಟ್ರಾನ್ 2021ರಲ್ಲಿ ಡಿಸ್ನಿಯದೇ 'ರಾಯಾ ಅಂಡ್ ದ ಲಾಸ್ಟ್ ಡ್ರ್ಯಾಗನ್' ಚಿತ್ರದ ರಾಜಕುಮಾರಿಗೆ ದನಿಯಾದರು. ತನ್ನ ಮನಸ್ಸಿನ ನೆಮ್ಮದಿಗಾಗಿ ಆ ಖಾತೆ ಬಿಟ್ಟದ್ದೆಂದು ಆಗಿನ ಸಂದರ್ಶನಗಳಲ್ಲಿ ಹೇಳಿದರು. ಅವರು ಬಿಟ್ಟದ್ದು ಸೋಲು ಅಂತ ನಾನು ಅನ್ನುವುದಿಲ್ಲ. ಅಹ್ಮದ್ ಬೆಸ್ಟ್ 2023ರ ಮಾರ್ಚ್‌ನಲ್ಲಿ 'ದಿ ಮ್ಯಾಂಡಲೋರಿಯನ್' ಧಾರಾವಾಹಿಗೆ ಮರಳಿದರು. ಈ ಸಲ ಸ್ವಂತ ಮುಖದಲ್ಲಿ, ಎರಡು ಕೈಯಲ್ಲಿ ಎರಡು ಬೆಳಕಿನ ಕತ್ತಿ ಹಿಡಿದು, ಎಲ್ಲರ ಮುದ್ದಿನ ಮಗು ಪಾತ್ರವನ್ನು ಕಾಪಾಡುವ ಯೋಧನಾಗಿ. ಫೋನ್ ಹಿಡಿದ ಜನ ಅವತ್ತು ಕುಣಿದಾಡಿದರು.

ನಮ್ಮ ನಾಡಿಗೂ ಈ ಕಥೆ ಹೊಸದಲ್ಲ. ಅಭಿಮಾನಿಗಳನ್ನು ದೇವರು ಅಂತ ಕರೆದವರು ನಮ್ಮ ರಾಜ್‌ಕುಮಾರ್. ಆ ದೇವರು ಮುನಿದರೆ ಏನಾಗುತ್ತದೆ ಅನ್ನುವುದನ್ನು ವಿಷ್ಣುವರ್ಧನ್ ಅನುಭವಿಸಿದರು. 1973ರ 'ಗಂಧದ ಗುಡಿ' ಚಿತ್ರೀಕರಣದಲ್ಲಿ ಬಂದೂಕಿನ ವಿಷಯವಾಗಿ ಹಬ್ಬಿದ ಒಂದು ಗಾಳಿಮಾತಿಗೆ ಆ ಯುವನಟ ವರ್ಷಗಟ್ಟಲೆ ಬೈಗುಳ ತಿಂದರು. ಇಬ್ಬರು ನಟರೂ ಒಟ್ಟಿಗೆ ಅಭಿನಯಿಸಿದ್ದು ಅದೊಂದೇ ಸಿನಿಮಾ. ಫೋನಿರಲಿಲ್ಲ, ಮನೆಮನೆಗೆ ಟಿವಿಯೂ ಇರಲಿಲ್ಲ. ಗಾಳಿಮಾತು ಬಸ್ಸಿನಲ್ಲಿ, ಟೆಂಟ್ ಸಿನಿಮಾದ ಸಾಲಿನಲ್ಲಿ ನಡೆದುಕೊಂಡೇ ಹಳ್ಳಿ ಮುಟ್ಟಿತು. ನಮ್ಮೂರಿನ ಹಿರಿಯರೊಬ್ಬರು ಈಗಲೂ ಅದನ್ನು ಕಣ್ಣಾರೆ ಕಂಡವರ ಹಾಗೆ ಹೇಳುತ್ತಾರೆ, ಸುಮ್ಮನಾಗಿಸಲು ಆಗುವುದಿಲ್ಲ.

2025ರ ಜುಲೈನಲ್ಲಿ ನಟಿ ರಮ್ಯಾ ಮಾಡಿದ್ದು ನಿಮಗೆ ನೆನಪಿರಬಹುದು. ಒಬ್ಬ ನಟನ ಮೇಲಿನ ಪ್ರಕರಣದ ಬಗ್ಗೆ ಅವರು ಅಭಿಪ್ರಾಯ ಬರೆದದ್ದಕ್ಕೆ, ಆ ನಟನ ಅಭಿಮಾನಿಗಳು ಅನ್ನಿಸಿಕೊಂಡವರು ಹೊಲಸು ಸಂದೇಶ ಕಳಿಸಿದರು, ಬೆದರಿಸಿದರು. ಅವರು ಖಾತೆ ಅಳಿಸಲಿಲ್ಲ, ಸುಮ್ಮನೆ ಓದಿಕೊಂಡೂ ಕೂರಲಿಲ್ಲ. 43 ಖಾತೆಗಳ ಪಟ್ಟಿ ಹಿಡಿದು ಬೆಂಗಳೂರು ಪೊಲೀಸ್ ಕಮಿಷನರ್ ಕಚೇರಿಗೆ ನಡೆದರು. ಕೆಲವರ ಬಂಧನವೂ ಆಯಿತು. ಹೆಸರಿದ್ದವರು, ಕಮಿಷನರ್ ಕಚೇರಿಯ ಬಾಗಿಲು ತೆರೆಯಿತು ಅನ್ನಬಹುದು. ನಿಜ. ಆದರೆ ಸೈಬರ್ ಅಪರಾಧದ 1930 ನಂಬರ್ ಮತ್ತು ದೂರಿನ ವೆಬ್‌ಸೈಟ್ ಹೆಸರಿಲ್ಲದವರಿಗೂ ಇವೆ. ದೂರು ಕೊಡುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಅಳಿಸಿದರೆ ಸಾಕ್ಷಿಯೂ ಹೋಗುತ್ತದೆ, ನಾನು ಅವತ್ತು "ಅಳಿಸಿಬಿಡು" ಅಂದದ್ದು ಆ ಲೆಕ್ಕದಲ್ಲೂ ತಪ್ಪು.

ಇಷ್ಟೆಲ್ಲ ಓದಿಕೊಂಡು ಹೋಗಿ ಆ ಹುಡುಗಿಗೆ ಕೆಲ್ಲಿ ಮೇರಿ ಟ್ರಾನ್ ಕಥೆ, ಸೇತುವೆಯ ಫೋಟೊ ಕಥೆ ಹೇಳಿದೆ. ಕೇಳಿದಳು. ನೀನು ಬಿಟ್ಟರೂ ಸರಿ, ಇದ್ದರೂ ಸರಿ, ಬಂದ ಕಾಗದ ಮಾತ್ರ ಒಬ್ಬಳೇ ಒಡೆಯಬೇಡ ಅಂದೆ. ಒಂದಷ್ಟು ದಿನ ಏನೂ ಹೇಳಲಿಲ್ಲ.

ಸಂಕ್ರಾಂತಿ ಆದ ಮೇಲೆ ಮತ್ತೆ ಒಂದು ಪದ ಹಾಕಿದಳು. ಖಾತೆಯ ಪಾಸ್‌ವರ್ಡ್ ಈಗ ಅವಳ ಚಿಕ್ಕಮ್ಮನ ಹತ್ತಿರ ಇದೆ. ಚಿಕ್ಕಮ್ಮ ಗ್ರಾಮ ಪಂಚಾಯಿತಿ ಸದಸ್ಯೆ, ಬೈಗುಳಕ್ಕೆ ಹೆದರುವ ಜಾತಿಯಲ್ಲ. ಅಪರಿಚಿತರ ಸಂದೇಶ ಬಾರದ ಹಾಗೆ ಸೆಟ್ಟಿಂಗ್ ಮಾಡಿದ್ದಾರೆ. ಸಂಜೆ ಹಾಲು ಹಾಕಿ ಬಂದ ಮೇಲೆ ಚಿಕ್ಕಮ್ಮ ಕಮೆಂಟುಗಳನ್ನು ಓದುತ್ತಾಳೆ, ಕೆಟ್ಟದ್ದನ್ನು ಸ್ಕ್ರೀನ್‌ಶಾಟ್ ತೆಗೆದು ತಡೆಹಾಕುತ್ತಾಳೆ, ಒಳ್ಳೆಯದನ್ನು ಗಟ್ಟಿಯಾಗಿ ಓದಿ ಹೇಳುತ್ತಾಳೆ. ಮೊನ್ನೆ ಯಾರೋ ಹಾವೇರಿ ಕಡೆಯ ಅಜ್ಜಿಯೊಬ್ಬರು ಮೊಮ್ಮಗನ ಕೈಲಿ ಬರೆಸಿದ್ದರಂತೆ, ಆ ಪದದಲ್ಲಿ ನಡುವೆ ಇನ್ನೂ ಎರಡು ನುಡಿ ಇವೆ, ನಿನಗೆ ಬೇಕಾದರೆ ಹೇಳಿಕೊಡ್ತೀನಿ ಅಂತ.